ದೊಡ್ಡ ಒಕ್ಕೂಟಗಳೂ ಪ್ರಾದೇಶಿಕ ಪಕ್ಷಗಳೂ

ಮಸ್ಕಿಯ ಬೆಟ್ಟದಲ್ಲಿ ಅಶೋಕ ಚಕ್ರವರ್ತಿಯ ಶಾಸನವಿರುವದನ್ನು ನಮ್ಮ ಸೀಮೆಯ ವಿದ್ಯಾರ್ಥಿನಿಯರೆಲ್ಲರೂ ಬಲ್ಲರು. 1915ರಲ್ಲಿ ಚಿನ್ನದ ಗಣಿಯ ಕೆಲಸದ ನಿಮಿತ್ತ ಇಲ್ಲಿ ಸಂಚರಿಸುತ್ತಿದ್ದ ಬೀಡನ್ ಎಂಬ ಎಂಜಿನಿಯರನು ಅದನ್ನು ಕಂಡುಹಿಡಿದನು. ದೇವಾನಾಂಪ್ರಿಯನೆಂಬವನು ಅಶೋಕನೇ ಎಂಬದು ಆ ಶಿಲೆಯಿಂದ ಸ್ಥಿರಪಟ್ಟಿತು. ಆ ಕಲ್ಲಿನ ಮುಂದೆ ನಿಂತಾಗ ನಮಗೆ ಒಂದು ವಿಚಾರವು ತೋರುವದುಂಟು. ಆಜ್ಞೆಯನ್ನು ಕೊಟ್ಟವನು ಬಹುದೂರದ ಪಾಟಲಿಪುತ್ರದವನು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮೀ. ಇಲ್ಲಿಯ ಹೊಲಗಳಲ್ಲಿ ದುಡಿಯುತ್ತಿದ್ದ ಜನರಿಗೆ ಆ ಮಾತನ್ನು ಓದಿ ತಿಳಿಸುವವನೊಬ್ಬನು ಬೇಕಾಗಿದ್ದನು. ಇವರ ಮಾತನ್ನು ಅಲ್ಲಿಗೆ ಮುಟ್ಟಿಸುವವನೂ ಬೇಕಾಗಿದ್ದನು. ಆಳುವ ಸ್ಥಾನವು ದೂರವಾದಷ್ಟೂ ನಡುವೆ ನಿಂತು ಮಾತಾಡುವವನ ಬೆಲೆಯು ಹೆಚ್ಚುತ್ತದೆ. ಅವನು ಸತ್ಯವಂತನಾಗಿದ್ದರೆ ಊರಿಗೆ ಹಿತ. ಇದ್ದದ್ದನ್ನು ಇಲ್ಲವೆಂದೂ ಇಲ್ಲದ್ದನ್ನು ಇದೆಯೆಂದೂ ಓದಿ ಹೇಳುವವನಾಗಿದ್ದರೆ ಕೇಡು.

ಈ ಕಾಲದಲ್ಲಿ ಆ ನಡುವಿನ ಕೆಲಸವನ್ನು ರಾಜಕೀಯ ಪಕ್ಷಗಳು ಮಾಡುತ್ತವೆ. ಜನರೂ ನಾಡುಗಳೂ ಸೇರಿ ದೊಡ್ಡ ಒಕ್ಕೂಟವಾದಾಗ ಸಣ್ಣ ಸೀಮೆಯ ಪಕ್ಷಗಳ ಗತಿಯೇನಾಗುವದು? ಅವು ಕರಗಿ ಹೋಗುವವೋ, ಬಲಗೊಳ್ಳುವವೋ, ಅಥವಾ ಸ್ವರೂಪವನ್ನೇ ಬದಲಿಸುವವೋ? ಇದನ್ನು ಸ್ವಲ್ಪ ವಿಸ್ತಾರವಾಗಿ ವಿಚಾರಿಸಬೇಕೆಂದು ಈ ಲೇಖವನ್ನು ಬರೆದಿರುತ್ತೇವೆ. ವಿಷಯವು ದೊಡ್ಡವರದೆಂದು ನಮ್ಮ ಓದುಗರು ಪುಟವನ್ನು ತಿರುವಬಾರದು. ಹದಿನೆಂಟು ವರ್ಷ ತುಂಬಿದ ಕೂಡಲೇ ನಿಮ್ಮ ಕೈಗೂ ಮತವು ಬರುವದು. ಆಗ ನಿಮ್ಮ ಬಾಗಿಲಿಗೆ ಬರುವವರು ಇದೇ ಮಾತುಗಳನ್ನು ಆಡುವರು.

ಮೊದಲು ಶಬ್ದಗಳ ಅರ್ಥವನ್ನು ತಿಳಿದುಕೊಳ್ಳೋಣ. ಸ್ವತಂತ್ರ ರಾಷ್ಟ್ರಗಳು ತಮ್ಮ ಅಧಿಕಾರದಲ್ಲಿ ಕೆಲವಂಶವನ್ನು ಬಿಟ್ಟುಕೊಟ್ಟು ತಮ್ಮೆಲ್ಲರ ಮೇಲೆ ಒಂದು ಸಾಮಾನ್ಯ ಅಧಿಕಾರವನ್ನು ಸ್ಥಾಪಿಸಿಕೊಂಡರೆ ಅದಕ್ಕೆ ರಾಷ್ಟ್ರಾತೀತ ಒಕ್ಕೂಟವೆನ್ನಬಹುದು. ಒಂದು ಸೀಮೆಯ ಭಾಷೆ, ನೀರು, ನೌಕರಿ, ಮಾನ ಇವುಗಳ ರಕ್ಷಣೆಗಾಗಿಯೇ ಹುಟ್ಟಿದ್ದು ಪ್ರಾದೇಶಿಕ ಪಕ್ಷ. ಜನರಂಜಕ ಪಕ್ಷವೆಂಬದು ಬೇರೆ. ಅದು ಸಮಾಜವನ್ನು ಎರಡೇ ಪಾಲಾಗಿ ಕಾಣುತ್ತದೆ: ಇತ್ತ ನಿಷ್ಕಪಟಿಗಳಾದ ಜನ, ಅತ್ತ ಅವರನ್ನು ವಂಚಿಸುವ ಮೇಲಿನವರು. ಜನರ ನಿಜವಾದ ಬಾಯಿ ತಾನೊಬ್ಬನೇ ಎಂದು ಅದರ ನಾಯಕನು ಹೇಳಿಕೊಳ್ಳುತ್ತಾನೆ. ಪ್ರಾದೇಶಿಕ ಪಕ್ಷವು ಜನರಂಜಕವಾಗಬಹುದು, ಆಗದೆಯೂ ಇರಬಹುದು. ಈ ಭೇದವನ್ನು ಮರೆಯಬಾರದು.

ರಾಷ್ಟ್ರಾತೀತ ಒಕ್ಕೂಟಕ್ಕೆ ಮುಖ್ಯವಾದ ಉದಾಹರಣೆಯು ಯುರೋಪಿನಲ್ಲಿರುವದು. ಎರಡು ಮಹಾಯುದ್ಧಗಳಿಂದ ಹಣ್ಣಾದ ಆ ಖಂಡದ ಆರು ದೇಶಗಳು 1951ರಲ್ಲಿ ಕಲ್ಲಿದ್ದಲು ಮತ್ತು ಉಕ್ಕಿನ ವಿಷಯದಲ್ಲಿ ಒಡಂಬಡಿಕೆ ಮಾಡಿಕೊಂಡವು. 1957ರ ರೋಮಿನ ಒಪ್ಪಂದದಿಂದ ಅದು ಸಾಮಾನ್ಯ ಮಾರುಕಟ್ಟೆಯಾಯಿತು. 1979ರಲ್ಲಿ ಯುರೋಪಿನ ಪಾರ್ಲಿಮೆಂಟಿಗೆ ಜನರೇ ನೇರವಾಗಿ ಸದಸ್ಯರನ್ನಾರಿಸಿದರು. 1992ರ ಮಾಸ್ಟ್ರಿಕ್ಟ್ ಒಪ್ಪಂದವು ಯುರೋಪಿನ ಒಕ್ಕೂಟವನ್ನು ನಿರ್ಮಿಸಿತು. 2002ರಲ್ಲಿ ಯೂರೋ ನಾಣ್ಯವು ಜನರ ಕೈಗೆ ಬಂದಿತು. ಇಂದು ಅದರಲ್ಲಿ 27 ದೇಶಗಳಿವೆ.

ಹೀಗೆ ದೇಶಗಳೇ ಒಂದಾಗುತ್ತಿರುವಾಗ ಸಣ್ಣ ಸೀಮೆಗಳ ಕೂಗು ತಾನಾಗಿ ಅಡಗುವದೆಂದು ಅನೇಕರು ತಿಳಿದಿದ್ದರು. ಆದದ್ದು ಹಾಗಲ್ಲ. ಸ್ಕಾಟ್ಲೆಂಡಿನ ನ್ಯಾಷನಲ್ ಪಾರ್ಟಿಯ ಕಥೆಯನ್ನು ನೋಡಿರಿ. 1975ರಲ್ಲಿ ಬ್ರಿಟನ್ನು ಆ ಮಾರುಕಟ್ಟೆಯಲ್ಲಿ ಉಳಿಯಬೇಕೇ ಎಂದು ಜನಮತವನ್ನು ಕೇಳಿದಾಗ ಈ ಪಕ್ಷವು ಬೇಡವೆಂದು ಸಾರಿತು. ಲಂಡನ್ನು ದೂರವೆಂದು ಗೋಳಿಡುತ್ತಿದ್ದವರಿಗೆ ಬ್ರಸೆಲ್ಸ್ ಇನ್ನೂ ದೂರವಾಗಿ ತೋರಿತ್ತು. ಆದರೆ 1988ರ ಹೊತ್ತಿಗೆ ಅದೇ ಪಕ್ಷವು 'ಯುರೋಪಿನೊಳಗೆ ಸ್ವಾತಂತ್ರ್ಯ' ಎಂಬ ಧೋರಣೆಯನ್ನು ಸ್ವೀಕರಿಸಿತು. ಹೀಗೇಕಾಯಿತು? ಸಣ್ಣ ನಾಡು ಒಂಟಿಯಾಗಿ ನಿಂತರೆ ವ್ಯಾಪಾರಕ್ಕೆ ಮಾರುಕಟ್ಟೆಯೆಲ್ಲಿ, ಆಸರೆಗೆ ಬಲವೆಲ್ಲಿ ಎಂಬದು ಹಳೆಯ ಭಯ. ಮೇಲೆ ದೊಡ್ಡ ಒಕ್ಕೂಟವೊಂದಿದ್ದರೆ ಆ ಭಯವು ಕಡಿಮೆಯಾಗುತ್ತದೆ. ನಡುಮನೆಯ ಯಜಮಾನನನ್ನು ದಾಟಿ ಹಿರಿಯ ಮನೆಯೊಡನೆ ನೇರವಾಗಿ ಮಾತಾಡುವೆವೆಂಬ ಧೈರ್ಯವು ಹುಟ್ಟುತ್ತದೆ. 2016ರಲ್ಲಿ ಬ್ರಿಟನ್ನು ಒಟ್ಟಾರೆ ನೂರಕ್ಕೆ 52ರಷ್ಟು ಮತದಿಂದ ಒಕ್ಕೂಟವನ್ನು ಬಿಡಲು ನಿಶ್ಚಯಿಸಿದಾಗ ಸ್ಕಾಟ್ಲೆಂಡಿನಲ್ಲಿ ನೂರಕ್ಕೆ 62 ಮಂದಿ ಉಳಿಯಬೇಕೆಂದೇ ಮತವಿತ್ತರು.

ಇದು ಒಂದು ಬಗೆ. ಇನ್ನೊಂದು ಬಗೆಯು ಇದಕ್ಕೆ ವಿರೋಧವಾದದ್ದು. ಅಧಿಕಾರವು ಮೇಲಕ್ಕೆ ಹೋದಂತೆ ಕೆಳಗಿನ ಮಂತ್ರಿಗಳು 'ನಮ್ಮ ಕೈಯಲ್ಲೇನಿದೆ? ಅದು ಮೇಲಿನ ನಿಯಮ' ಎಂದು ಹೇಳಲು ಕಲಿಯುತ್ತಾರೆ. ಆಡಳಿತ ಪಕ್ಷವೂ ವಿರೋಧ ಪಕ್ಷವೂ ಅದೇ ಉತ್ತರವನ್ನು ಕೊಟ್ಟರೆ ಜನರು ಯಾರನ್ನು ಕೇಳಬೇಕು? ಆ ಖಾಲಿ ಸ್ಥಳಕ್ಕೆ ಜನರಂಜಕನು ಪ್ರವೇಶಿಸುತ್ತಾನೆ. 1993ರಲ್ಲಿ ಹುಟ್ಟಿದ ಬ್ರಿಟನ್ನಿನ ಯುಕಿಪ್ ಪಕ್ಷವು ಒಕ್ಕೂಟವನ್ನು ಬಿಡಿಸುವದನ್ನೇ ತನ್ನ ಮುಖ್ಯ ಗುರಿಯಾಗಿ ಮಾಡಿಕೊಂಡಿತ್ತು. 2015ರ ಸ್ವದೇಶದ ಚುನಾವಣೆಯಲ್ಲಿ ಅದಕ್ಕೆ ನೂರಕ್ಕೆ ಸುಮಾರು 12.6ರಷ್ಟು ಮತಗಳು ಬಿದ್ದರೂ 650ರಲ್ಲಿ ಒಂದೇ ಸ್ಥಾನ ದಕ್ಕಿತು. ಆದರೆ ಅದಕ್ಕೆ ಒಂದು ವರ್ಷ ಮುಂಚೆ, 2014ರಲ್ಲಿ, ಯುರೋಪಿನ ಪಾರ್ಲಿಮೆಂಟಿನ ಚುನಾವಣೆಯಲ್ಲಿ ಬ್ರಿಟನ್ನಿನ ಎಲ್ಲಾ ಪಕ್ಷಗಳಿಗಿಂತಲೂ ಅದೇ ಮುಂದಾಗಿತ್ತು. ಏಕೆಂದರೆ ಅಲ್ಲಿ ಬಿದ್ದ ಮತಗಳ ಪ್ರಮಾಣಕ್ಕೆ ತಕ್ಕಂತೆ ಸ್ಥಾನಗಳನ್ನು ಹಂಚುವ ಪದ್ಧತಿಯಿತ್ತು. ಯಾವ ಒಕ್ಕೂಟವನ್ನು ಅದು ಬೈಯುತ್ತಿತ್ತೋ ಆ ಒಕ್ಕೂಟದ ಪಾರ್ಲಿಮೆಂಟೇ ಅದಕ್ಕೆ ಪೀಠ, ವೇತನ, ಪ್ರಸಿದ್ಧಿ ಎಲ್ಲವನ್ನೂ ಕೊಟ್ಟಿತು. ಉಂಡ ಮನೆಯ ಜಂತೆ ಎಣಿಸುವದೆಂದರೆ ಇದೇ.

ಈ ಎರಡರಿಂದ ನಾವು ಒಂದು ಸಿದ್ಧಾಂತವನ್ನು ಎತ್ತಿಕೊಳ್ಳಬಹುದು. ದೊಡ್ಡ ಒಕ್ಕೂಟವು ಸಣ್ಣ ಪಕ್ಷವನ್ನು ಕೊಲ್ಲುವದಿಲ್ಲ. ಅದಕ್ಕೆ ಆಸರೆಯನ್ನೂ ಗುರಿಯನ್ನೂ ಏಕಕಾಲಕ್ಕೆ ಒದಗಿಸುತ್ತದೆ. ಒಕ್ಕೂಟದಲ್ಲಿ ಸೀಮೆಯವರು ಪ್ರವೇಶಿಸತಕ್ಕ ಬಾಗಿಲುಗಳಿದ್ದರೆ, ಅಂದರೆ ಸ್ಥಾನ, ಹಣ, ಕಾನೂನು ಇವುಗಳಲ್ಲಿ ಪಾಲು ದೊರೆಯುವಂತಿದ್ದರೆ, ಅವರ ಮಾತು ಚೌಕಾಶಿಯ ಮಾತಾಗುತ್ತದೆ. ಬಾಗಿಲು ಮುಚ್ಚಿದ್ದರೆ ಅದೇ ಮಾತು ಸಿಟ್ಟಿನ ಮಾತಾಗುತ್ತದೆ.

ಇನ್ನು ನಮ್ಮ ನಾಡಿಗೆ ಬರೋಣ. ಭಾರತವು ರಾಷ್ಟ್ರಾತೀತ ಒಕ್ಕೂಟವಲ್ಲ, ಒಂದೇ ರಾಷ್ಟ್ರ ಎಂಬದನ್ನು ಮೊದಲೇ ಸ್ಪಷ್ಟಪಡಿಸುತ್ತೇವೆ. ಇದನ್ನು ಬಿಟ್ಟುಹೋಗುವ ಹಕ್ಕು ಯಾವ ರಾಜ್ಯಕ್ಕೂ ಇಲ್ಲ. 1963ರ 16ನೆಯ ಸಂವಿಧಾನ ತಿದ್ದುಪಡಿಯ ಅನಂತರ ಚುನಾವಣೆಗೆ ನಿಲ್ಲುವವರು ದೇಶದ ಅಖಂಡತೆಯನ್ನು ಎತ್ತಿಹಿಡಿಯುವೆವೆಂದು ಪ್ರಮಾಣ ಮಾಡಬೇಕು. ಆದರೂ ಬೇರೆ ಬೇರೆ ಆಳಿಕೆಗಳಲ್ಲಿದ್ದ ಸೀಮೆಗಳು ಒಂದರೊಳಗೊಂದು ಸೇರಿದ ಕಥೆಯನ್ನು ನಮ್ಮ ರಾಯಚೂರು ಜಿಲ್ಲೆಯಷ್ಟು ಸ್ಪಷ್ಟವಾಗಿ ತೋರಿಸುವ ಸ್ಥಳಗಳು ವಿರಳ. ಈ ಜಿಲ್ಲೆಯು ಎಂಟು ವರ್ಷಗಳ ಅವಧಿಯಲ್ಲಿ ಎರಡು ಸಾರಿ ಏಕೀಕರಣವನ್ನು ಕಂಡಿತು.

1948ರ ವರೆಗೆ ರಾಯಚೂರು, ಗುಲ್ಬರ್ಗಾ, ಬೀದರ ಈ ಮೂರು ಕನ್ನಡ ಜಿಲ್ಲೆಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅಲ್ಲಿ ತೆಲುಗರೂ ಮರಾಠಿಗರೂ ಕನ್ನಡಿಗರೂ ಒಟ್ಟಿಗೆ ಇದ್ದರು. 1938ರಲ್ಲಿ ಹುಟ್ಟಿದ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ಸರಕಾರವು ನಿಷೇಧಿಸಿತು. ಆಗ ಆಂಧ್ರ ಮಹಾಸಭೆ, ಮಹಾರಾಷ್ಟ್ರ ಪರಿಷತ್ತು, ಕರ್ನಾಟಕ ಪರಿಷತ್ತು ಎಂಬ ಮೂರು ಭಾಷಾ ಸಂಸ್ಥೆಗಳು ಜನಜಾಗೃತಿಯ ಕೆಲಸವನ್ನು ಮಾಡಿದವು. ಇಲ್ಲಿ ಗಮನಿಸತಕ್ಕ ಸಂಗತಿಯೇನಂದರೆ, ಈ ಸೀಮೆಯ ಸಂಸ್ಥೆಗಳು ದೊಡ್ಡ ಒಕ್ಕೂಟಕ್ಕೆ ವಿರೋಧಿಗಳಾಗಿರಲಿಲ್ಲ, ಅದನ್ನೇ ಹಂಬಲಿಸುತ್ತಿದ್ದವು. ಸ್ಕಾಟ್ಲೆಂಡಿನವರು ಲಂಡನ್ನಿನಾಚೆಗೆ ನೋಡಿದಂತೆ ನಮ್ಮ ಹಿರಿಯರು ಹೈದರಾಬಾದಿನಾಚೆಗೆ ನೋಡಿದರು. 1948ರ ಸಪ್ಟೆಂಬರ 17ರಂದು ಸಂಸ್ಥಾನದ ಸೈನ್ಯವು ಭಾರತ ಸರಕಾರಕ್ಕೆ ಶರಣಾಗಿ, ನಾವು ಭಾರತದಲ್ಲಿ ಸೇರಿದೆವು. 1956ರ ನವಂಬರ 1ರಂದು ರಾಜ್ಯಗಳ ಪುನರ್ರಚನೆಯಾಗಿ ವಿಶಾಲ ಮೈಸೂರಿನಲ್ಲಿ ಸೇರಿದೆವು. ಆ ಸಮಯದಲ್ಲಿ ನಮ್ಮ ಜಿಲ್ಲೆಯ ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರಕ್ಕೆ ಹೋದವು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು.

ಸೇರಿದ್ದೇನೋ ಆಯಿತು, ಸಮವಾದದ್ದು ಆಗಲಿಲ್ಲ. ಮೈಸೂರು ಸೀಮೆಯಲ್ಲಿ ಶಾಲೆ, ಕಾರಖಾನೆ, ವಿದ್ಯುತ್ತು ಮುಂಚಿನಿಂದಲೇ ಇದ್ದವು; ನಮ್ಮಲ್ಲಿ ಇಲ್ಲದ್ದೇ ಬಹಳ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿಯು ರಾಜ್ಯದ ತಾಲೂಕುಗಳನ್ನು ತೂಗಿ ನೋಡಿ 114 ತಾಲೂಕುಗಳು ಹಿಂದುಳಿದಿರುವವೆಂದೂ ಅವುಗಳಲ್ಲಿ 39 ಅತ್ಯಂತ ಹಿಂದುಳಿದಿರುವವೆಂದೂ ಹೇಳಿತು. ಆ 39ರಲ್ಲಿ 21 ಗುಲ್ಬರ್ಗಾ ವಿಭಾಗಕ್ಕೆ ಸೇರಿದ್ದವು. ಏಕೀಕರಣವಾಗಿ 46 ವರ್ಷಗಳಾದ ಮೇಲೆಯೂ ಲೆಕ್ಕವು ಹೀಗಿತ್ತು.

ಇಂಥ ನೆಲದಲ್ಲಿ ಬಲವಾದ ಪ್ರಾದೇಶಿಕ ಪಕ್ಷವೊಂದು ಬೆಳೆಯಬೇಕಾಗಿತ್ತಲ್ಲವೇ? ನಮ್ಮೊಡನೆ ಒಂದೇ ಸಂಸ್ಥಾನದಲ್ಲಿದ್ದ ತೆಲಂಗಾಣದಲ್ಲಿ ಹಾಗೆಯೇ ಆಯಿತು. 2001ರಲ್ಲಿ ತೆಲಂಗಾಣ ರಾಷ್ಟ್ರ ಸಮಿತಿಯು ಹುಟ್ಟಿತು. 2014ರ ಜೂನ್ 2ರಂದು ರಾಜ್ಯವೇ ಬೇರೆಯಾಯಿತು. ನಮ್ಮಲ್ಲಿ ಹಾಗಾಗಲಿಲ್ಲ. ಇದಕ್ಕೆ ಕಾರಣವು ಜನರ ಸಹನೆಯೊಂದೇ ಅಲ್ಲ, ಗಣಿತವೂ ಇದೆ. ತೆಲಂಗಾಣಕ್ಕೆ ಲೋಕಸಭೆಯಲ್ಲಿ 17 ಸ್ಥಾನಗಳು. ದಿಲ್ಲಿಯಲ್ಲಿ ಅನೇಕ ಪಕ್ಷಗಳು ಕೂಡಿ ಸರಕಾರ ನಡಿಸುತ್ತಿದ್ದ ಕಾಲದಲ್ಲಿ ಅಷ್ಟು ಸ್ಥಾನಗಳ ಸೀಮೆಗೆ ಬೆಲೆಯಿತ್ತು. ನಮ್ಮ ಸೀಮೆಗೆ ಬೀದರ, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿ ಎಂಬ ಐದೇ ಸ್ಥಾನಗಳು. ಬೆಂಗಳೂರಿನ ವಿಧಾನಸಭೆಯ 224ರಲ್ಲಿ 41. ಇದಲ್ಲದೆ ತೆಲಂಗಾಣದವರಿಗೆ ಭಾಷೆ ಒಂದೇ ಆದರೂ ರಾಜ್ಯವು ಬೇರೆಯಾಗಲೆಂಬ ಬಯಕೆಯಿತ್ತು. ನಮ್ಮ ಹಿರಿಯರಾದರೋ ಕನ್ನಡ ರಾಜ್ಯಕ್ಕಾಗಿ ಹಂಬಲಿಸಿ ಬಂದವರು. ಕೇಳಿ ಸೇರಿದ ಮನೆಯಿಂದ ಹೊರಗೆ ಹೋಗುವ ಮನಸ್ಸು ಬೇಗ ಹುಟ್ಟುವದಿಲ್ಲ.

ಆದಕಾರಣ ಇಲ್ಲಿಯ ಕೂಗು ಪಕ್ಷವಾಗದೆ ಸಮಿತಿಯಾಯಿತು. ಶ್ರೀ ವೈಜನಾಥ ಪಾಟೀಲರ ಮುಂದಾಳುತನದಲ್ಲಿ ಹೈದರಾಬಾದ್ ಕರ್ನಾಟಕ ಹೋರಾಟ ಸಮಿತಿಯು ಸಂವಿಧಾನದ 371ನೆಯ ವಿಧಿಯ ಪ್ರಕಾರ ನಮಗೂ ವಿಶೇಷ ಸ್ಥಾನ ಬೇಕೆಂದು ಬಹುಕಾಲ ಹೋರಾಡಿತು. ವಿದರ್ಭ, ಮರಾಠವಾಡಾ, ಸೌರಾಷ್ಟ್ರಗಳಿಗೆ ಅಂಥ ಅವಕಾಶವು 1956ರಿಂದಲೇ ಇತ್ತು. ಆಂಧ್ರಕ್ಕೆ 1973ರ ತಿದ್ದುಪಡಿಯಿಂದ 371(ಡಿ) ದೊರೆತಿತ್ತು. ನಮ್ಮ ದೂರು ಬೆಂಗಳೂರಿನ ಮೇಲೆ. ಪರಿಹಾರವನ್ನು ಕೇಳಿದ್ದು ದಿಲ್ಲಿಯಲ್ಲಿ. ನಡುಮನೆಯಲ್ಲಿ ಪಾಲು ಸಿಕ್ಕದವರು ಹಿರಿಯ ಮನೆಗೆ ಹೋದದ್ದು ಹೀಗೆ. ಕೇಂದ್ರವು ಮೊದಲು ಒಪ್ಪಲಿಲ್ಲ. ಕೊನೆಗೆ ಈ ಸೀಮೆಯವರೇ ಆದ ಶ್ರೀ ಮಲ್ಲಿಕಾರ್ಜುನ ಖರ್ಗೆಯವರು ಕೇಂದ್ರ ಮಂತ್ರಿಗಳಾಗಿದ್ದಾಗ, 2012ರ ದಶಂಬರದಲ್ಲಿ, ಪಾರ್ಲಿಮೆಂಟು 98ನೆಯ ತಿದ್ದುಪಡಿಯನ್ನು ಅಂಗೀಕರಿಸಿತು. ಹೊರಗಿನಿಂದ ಸಮಿತಿಯು ತಳ್ಳಿತು. ಒಳಗಿನಿಂದ ರಾಷ್ಟ್ರೀಯ ಪಕ್ಷದವರು ಎಳೆದರು. ಬಂಡಿ ಏರನ್ನು ಹತ್ತಿದ್ದು ಎರಡೂ ಬಲ ಕೂಡಿದ್ದರಿಂದ.

371(ಜೆ) ಎಂಬ ಆ ವಿಧಿಯ ಫಲವೇನು? ಈ ಸೀಮೆಗೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಬಂದಿತು. ಇಲ್ಲಿಯ ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ 70 ಸ್ಥಾನಗಳು ಇಲ್ಲಿಯವರಿಗೆ. ರಾಜ್ಯಮಟ್ಟದ ಸಂಸ್ಥೆಗಳಲ್ಲಿ ನೂರಕ್ಕೆ 8. ಸ್ಥಳೀಯ ಸರಕಾರೀ ಹುದ್ದೆಗಳಲ್ಲಿ ಎ ಮತ್ತು ಬಿ ದರ್ಜೆಗೆ ನೂರಕ್ಕೆ 75, ಸಿ ದರ್ಜೆಗೆ 80, ಡಿ ದರ್ಜೆಗೆ 85. 2019ರಲ್ಲಿ ಸೀಮೆಗೆ ಕಲ್ಯಾಣ ಕರ್ನಾಟಕವೆಂದು ಹೆಸರಿಟ್ಟರು. ವೈದ್ಯಕೀಯಕ್ಕೋ ಶಿಕ್ಷಕ ವೃತ್ತಿಗೋ ಅರ್ಜಿ ಹಾಕುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಕೈಯಲ್ಲಿ ಹಿಡಿದುಕೊಂಡು ಹೋಗುವ 371(ಜೆ) ಪ್ರಮಾಣಪತ್ರವು ಈ ಚೌಕಾಶಿಯಿಂದ ಬಂದದ್ದೇ.

ಹಾಗಾದರೆ ನಮ್ಮ ಸೀಮೆಯಲ್ಲಿ ಹೊಸ ಪಕ್ಷಗಳೇ ಹುಟ್ಟಲಿಲ್ಲವೇ? ಹುಟ್ಟಿದವು, ಆದರೆ ಅವುಗಳ ಆಯುಷ್ಯವನ್ನು ನೋಡಿರಿ. 2011ರಲ್ಲಿ ಬಳ್ಳಾರಿಯ ಶ್ರೀ ಬಿ. ಶ್ರೀರಾಮುಲು ಅವರು ಬಿ.ಎಸ್.ಆರ್. ಕಾಂಗ್ರೆಸ್ಸನ್ನು ಕಟ್ಟಿದರು, 2013ರ ವಿಧಾನಸಭೆಯಲ್ಲಿ ಅದಕ್ಕೆ 4 ಸ್ಥಾನಗಳು ಬಂದವು. ಅದೇ ಚುನಾವಣೆಯಲ್ಲಿ ಶ್ರೀ ಬಿ.ಎಸ್. ಯಡಿಯೂರಪ್ಪನವರ ಕರ್ನಾಟಕ ಜನತಾ ಪಕ್ಷವು ನೂರಕ್ಕೆ ಹತ್ತರ ಸಮೀಪ ಮತಗಳನ್ನು ಪಡೆದು 6 ಸ್ಥಾನಗಳನ್ನು ಗೆದ್ದಿತು. ಮರುವರ್ಷ ಲೋಕಸಭೆಯ ಚುನಾವಣೆ ಬರುತ್ತಲೇ ಎರಡೂ ಭಾರತೀಯ ಜನತಾ ಪಕ್ಷದಲ್ಲಿ ಲೀನವಾದವು. ಸಿಂಧನೂರಿನ ನೆರೆಯ ಗಂಗಾವತಿಯಲ್ಲಿ ಶ್ರೀ ಜಿ. ಜನಾರ್ದನ ರೆಡ್ಡಿಯವರ ಕಲ್ಯಾಣ ರಾಜ್ಯ ಪ್ರಗತಿ ಪಕ್ಷವು 2023ರಲ್ಲಿ ತನ್ನ ಒಂದೇ ಸ್ಥಾನವನ್ನು ಗೆದ್ದಿತು; 2024ರ ಮಾರ್ಚಿಯಲ್ಲಿ ಅದೂ ಅಲ್ಲಿಗೇ ಸೇರಿತು. ವಿಧಾನಸಭೆಯ ಚುನಾವಣೆಗೆ ಮುಂಚೆ ಹುಟ್ಟು, ಲೋಕಸಭೆಯ ಚುನಾವಣೆಗೆ ಮುಂಚೆ ಮುಕ್ತಾಯ. ಇದು ಆಕಸ್ಮಿಕವಲ್ಲ. ಒಂದೊಂದು ಕ್ಷೇತ್ರದಲ್ಲಿ ಅತ್ಯಧಿಕ ಮತ ಪಡೆದವನೊಬ್ಬನೇ ಗೆಲ್ಲುವ ನಮ್ಮ ಪದ್ಧತಿಯಲ್ಲಿ ಚದರಿದ ಮತಗಳಿಗೆ ದಿಲ್ಲಿಯಲ್ಲಿ ಪೀಠವಿಲ್ಲ. ಯುರೋಪಿನಲ್ಲಿ ಮೇಲಿನ ಮನೆಯ ಚುನಾವಣೆಯು ಸಣ್ಣ ಪಕ್ಷಕ್ಕೆ ಏಣಿಯಾದರೆ ನಮ್ಮಲ್ಲಿ ಅದು ಜರಡಿಯಾಗಿದೆ. ಒಕ್ಕೂಟದ ಸ್ವಭಾವಕ್ಕಿಂತಲೂ ಅದರ ಮತಪೆಟ್ಟಿಗೆಯ ನಿಯಮವು ಹೆಚ್ಚು ಕೆಲಸ ಮಾಡುತ್ತದೆಂದು ಇದರಿಂದ ತಿಳಿಯುವದು.

ಜರಡಿಯಲ್ಲಿ ನಿಂತು ಉಳಿದವುಗಳೂ ಉಂಟು. 1999ರಲ್ಲಿ ರೂಪಗೊಂಡ ಜನತಾ ದಳ (ಜಾತ್ಯತೀತ) ಪಕ್ಷವು 2023ರಲ್ಲಿ 19 ಸ್ಥಾನಗಳಿಗೆ ಇಳಿದಾಗ ಅದೇ ವರ್ಷ ರಾಷ್ಟ್ರೀಯ ಮೈತ್ರಿಕೂಟವನ್ನು ಸೇರಿತು. 2024ರಲ್ಲಿ ಅದರ ನಾಯಕರಾದ ಶ್ರೀ ಎಚ್.ಡಿ. ಕುಮಾರಸ್ವಾಮಿಯವರು ಕೇಂದ್ರ ಮಂತ್ರಿಗಳಾದರು. ಲೀನವಾಗದೆ ಕೈಹಿಡಿದು ನಡೆಯುವದು ಇನ್ನೊಂದು ಉಪಾಯ. ರಾಷ್ಟ್ರೀಯ ಪಕ್ಷಗಳು ಪ್ರಾದೇಶಿಕ ವೇಷವನ್ನು ಧರಿಸುವದೂ ಉಂಟು. ಕೇಂದ್ರದ ತೆರಿಗೆಗಳಲ್ಲಿ ಕರ್ನಾಟಕದ ಪಾಲು 14ನೆಯ ಹಣಕಾಸು ಆಯೋಗದ ಕಾಲದಲ್ಲಿ ರಾಜ್ಯಗಳ ಪಾಲಿನ ನೂರಕ್ಕೆ 4.71ರಷ್ಟಿದ್ದದ್ದು 15ನೆಯ ಆಯೋಗದಲ್ಲಿ 3.65ಕ್ಕೆ ಇಳಿಯಿತು. 2024ರ ಫೆಬ್ರವರಿ 7ರಂದು ರಾಜ್ಯದ ಮಂತ್ರಿಮಂಡಲವೇ ದಿಲ್ಲಿಗೆ ಹೋಗಿ ಪ್ರತಿಭಟಿಸಿತು. ಆ ಮಂತ್ರಿಮಂಡಲವು ಪ್ರಾದೇಶಿಕ ಪಕ್ಷದ್ದಲ್ಲ, ಕಾಂಗ್ರೆಸ್ಸಿನದು.

ಗಡಿಯ ಕಥೆಯನ್ನೂ ಎರಡು ಮಾತಿನಲ್ಲಿ ಹೇಳಬೇಕು. ಬೆಳಗಾವಿಯಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿ, ಕಾಸರಗೋಡಿನಲ್ಲಿ ಕರ್ನಾಟಕ ಸಮಿತಿ: ಒಂದು ನಮಗೆ ಅಪ್ರಿಯ, ಇನ್ನೊಂದು ಪ್ರಿಯ, ಆದರೆ ಶಾಸ್ತ್ರದೃಷ್ಟಿಯಿಂದ ಎರಡೂ ಒಂದೇ ಜಾತಿಯವು. 1956ರ ಗೆರೆಯು ತಮ್ಮನ್ನು ತಪ್ಪು ಮನೆಗೆ ಸೇರಿಸಿತೆಂಬದು ಇಬ್ಬರ ದುಃಖ. ಕಾಸರಗೋಡಿನ ಪರವಾಗಿ ಶ್ರೀ ಕಳ್ಳಿಗೆ ಮಹಾಬಲ ಭಂಡಾರಿಯವರು ಮಂಜೇಶ್ವರದಿಂದ ಕೇರಳದ ವಿಧಾನಸಭೆಗೆ ಆರಿಸಿ ಹೋದರು. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಉತ್ತರ ಭಾಗವು ಮೈಸೂರಿಗೆ ಸೇರತಕ್ಕದ್ದೆಂದು ಹೇಳಿದರೂ ಗೆರೆಯು ಅಲುಗಲಿಲ್ಲ. ಬೆಳಗಾವಿಯ ಸಮಿತಿಯು 2013ರಲ್ಲಿ 2 ಸ್ಥಾನಗಳನ್ನು ಗೆದ್ದಿತ್ತು. 2018ರಲ್ಲಿಯೂ 2023ರಲ್ಲಿಯೂ ಒಂದೂ ದೊರೆಯಲಿಲ್ಲ. ಗಡಿಯನ್ನು ಬದಲಿಸುವ ಅಧಿಕಾರವು ಪಾರ್ಲಿಮೆಂಟಿನದು. ಒಂದೇ ಬಾಗಿಲನ್ನು ಬಡಿಯುತ್ತಾ ಅದು ತೆರೆಯದೆ ಹೋದರೆ ಮೊಮ್ಮಕ್ಕಳ ಕಾಲಕ್ಕೆ ಕೈಗಳು ಸೋಲುತ್ತವೆ.

ಇಷ್ಟನ್ನು ಹೇಳಿ ನಾವು ಮನೆಯ ಹತ್ತಿರಕ್ಕೆ, ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಿಗೆ ಬರುತ್ತೇವೆ. ಯಾಕಂದರೆ ಪ್ರಾದೇಶಿಕ ಪಕ್ಷವನ್ನು ಪರೀಕ್ಷಿಸುವ ಒರೆಗಲ್ಲು ಇಲ್ಲಿಯೇ ಇರುವದು.

1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿಯತೊಡಗಿದ ಮೇಲೆ ಎಡದಂಡೆಯ ಕಾಲುವೆಯ ಉದ್ದಕ್ಕೂ ಹೊಸ ಊರುಗಳು ಎದ್ದವು. ಕರಾವಳಿಯ ಆಂಧ್ರದಿಂದ ಬಂದ ರೈತರು ನೆಲವನ್ನು ಕೊಂಡು ನೆಲ್ಲು ಬೆಳೆದು ನಿಂತ ಊರುಗಳಿಗೆ ಕ್ಯಾಂಪುಗಳೆಂದೇ ಹೆಸರು. 1970ರ ದಶಕದ ಆರಂಭದಲ್ಲಿ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳನ್ನು ಭಾರತ ಸರಕಾರವು ಇಲ್ಲಿ ನೆಲೆಗೊಳಿಸಿತು. ಅವರ ಊರುಗಳೇ ಆರ್.ಎಚ್. ಕ್ಯಾಂಪುಗಳು, ಪುನರ್ವಸತಿ ಎಂಬರ್ಥದ ಇಂಗ್ಲಿಷ್ ಮಾತಿನ ಸಂಕ್ಷೇಪವದು. ಹೀಗೆ ಒಂದೇ ತಾಲೂಕಿನಲ್ಲಿ ಕನ್ನಡ, ಉರ್ದು, ತೆಲುಗು, ಬಂಗಾಳಿ ನಾಲ್ಕೂ ಮನೆಮಾತುಗಳಾದವು. ಅತ್ತ ದೇಶವೊಂದು ಒಡೆದುದರಿಂದ ಮನೆ ಕಳೆದುಕೊಂಡವರಿಗೆ ಇತ್ತ ದೊಡ್ಡ ಒಕ್ಕೂಟವು ತನ್ನ ಒಂದು ಮೂಲೆಯಲ್ಲಿ ಸ್ಥಳ ಕೊಟ್ಟಿತು.

ಈ ಕ್ಯಾಂಪಿನ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿರಿ. ಅಜ್ಜಿಯೊಡನೆ ಬಂಗಾಳಿ, ಶಾಲೆಯಲ್ಲಿ ಕನ್ನಡ. ಅವಳ ಬಾಳಿನ ಮೂರು ಪ್ರಶ್ನೆಗಳಿಗೆ ಮೂರು ಬೇರೆ ಬೇರೆ ಬಾಗಿಲುಗಳು. ಮೊದಲನೆಯದು ಪೌರತ್ವ. ಅದು ಪೂರ್ಣವಾಗಿ ದಿಲ್ಲಿಯ ಅಧಿಕಾರ. ಕೆಲವು ಕುಟುಂಬಗಳವರ ಪೌರತ್ವವು ದಶಕಗಳ ತನಕ ಇತ್ಯರ್ಥವಾಗದೆ ಉಳಿದಿತ್ತು. 2019ರ ತಿದ್ದುಪಡಿ ಕಾಯಿದೆಯ ನಿಯಮಗಳು 2024ರ ಮಾರ್ಚಿಯಲ್ಲಿ ಹೊರಟ ಅನಂತರ ಆ ವರ್ಷವೇ ಇಲ್ಲಿಯ ಕೆಲವರ ಕೈಗೆ ಪ್ರಮಾಣಪತ್ರಗಳು ಬಂದವು. ಎರಡನೆಯದು ಜಾತಿಯ ಪ್ರಮಾಣಪತ್ರ. ಪಶ್ಚಿಮ ಬಂಗಾಳದಲ್ಲಿ ಪರಿಶಿಷ್ಟರೆಂದು ಗಣನೆಯಾಗುವ ನಾಮಶೂದ್ರರು ತಮಗೆ ಇಲ್ಲಿಯೂ ಆ ಸ್ಥಾನ ಬೇಕೆಂದು ಬಹುಕಾಲದಿಂದ ಕೇಳುತ್ತಿದ್ದಾರೆ. ಪರಿಶಿಷ್ಟರ ಪಟ್ಟಿಯು ರಾಜ್ಯ ರಾಜ್ಯಕ್ಕೂ ಬೇರೆ. ಅದನ್ನು ತಿದ್ದುವದು ಪಾರ್ಲಿಮೆಂಟು. ಶಿಫಾರಸು ಹೋಗಬೇಕಾದದ್ದು ಬೆಂಗಳೂರಿನಿಂದ. ಮೂರನೆಯದು ಸೀಮೆಯ ಹಕ್ಕು. 371(ಜೆ) ವಿಧಿಯು ಈ ಸೀಮೆಗೆ ಸೇರಿದವರನ್ನು ಹುಟ್ಟಿನಿಂದಲೋ ನೆಲೆಯಿಂದಲೋ ಗುರುತಿಸುತ್ತದೆ. ಮನೆಮಾತು ಯಾವದೆಂದು ಕೇಳುವದಿಲ್ಲ. ಆದುದರಿಂದ ಇಲ್ಲಿ ಹುಟ್ಟಿ ಬೆಳೆದ ಆ ಹುಡುಗಿಯನ್ನು ಭಾಷೆಯ ನೆವದಿಂದ ಹೊರಗಿನವಳೆನ್ನಲು ಆ ವಿಧಿಯಲ್ಲಿ ಆಧಾರವಿಲ್ಲ.

ಈ ಕಡೆಯ ಮಾತನ್ನು ಹಗುರವಾಗಿ ನೋಡಬಾರದೆಂದು ನಾವು ಒತ್ತಿ ಹೇಳುತ್ತೇವೆ. ಸೀಮೆಯ ಅಭಿಮಾನಕ್ಕೆ ಎರಡು ದಾರಿಗಳುಂಟು. 'ಈ ಸೀಮೆಗೆ ಇಷ್ಟು ಶಾಲೆ, ಇಷ್ಟು ಹುದ್ದೆ, ಇಷ್ಟು ನೀರು ಬರಬೇಕು' ಎಂಬದು ಒಂದು. 'ಈ ಸೀಮೆಯವರೆಂದರೆ ಇಂಥವರೇ, ಉಳಿದವರಲ್ಲ' ಎಂಬದು ಇನ್ನೊಂದು. ಮೊದಲನೆಯದು ಲೆಕ್ಕವನ್ನು ಕೇಳುತ್ತದೆ, ಎರಡನೆಯದು ಶತ್ರುವನ್ನು ಹುಡುಕುತ್ತದೆ. ಲೆಕ್ಕ ಕೇಳುವ ಕೆಲಸವು ಬೇಸರದ್ದು, ನಿಧಾನದ್ದು. ಶತ್ರುವನ್ನು ತೋರಿಸುವ ಕೆಲಸವು ಸುಲಭ, ಜನ ಕೂಡುತ್ತಾರೆ. ಜನ ಮರುಳೋ ಜಾತ್ರೆ ಮರುಳೋ ಎಂದು ಹಿರಿಯರು ಹೇಳಿದ್ದು ಸುಮ್ಮನಲ್ಲ.

ಆದರೆ ಜನರನ್ನಷ್ಟೇ ಮರುಳೆನ್ನುವದು ನ್ಯಾಯವಲ್ಲ. ಮೇಲಿನವರ ನಿರ್ಣಯವು ಕೆಳಗಿನವರ ಅನ್ನವನ್ನು ಮುಟ್ಟುವಾಗ ಸಿಟ್ಟು ಸಹಜ. 2023ರ ಜುಲೈಯಲ್ಲಿ ಕೇಂದ್ರವು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಲ್ಲಿಸಿತು. ಪಟ್ಟಣದ ಬಡವನಿಗೆ ಅಕ್ಕಿಯು ತುಟ್ಟಿಯಾಗಬಾರದೆಂಬದು ಅದರ ಉದ್ದೇಶ. 2024ರ ಸಪ್ಟೆಂಬರದಲ್ಲಿ ಆ ತಡೆಯನ್ನು ತೆಗೆದರು. ಸೋನಾ ಮಸೂರಿ ಬೆಳೆಯುವ ನಮ್ಮ ಕಾಲುವೆಯ ರೈತನನ್ನು ಎರಡು ಸಾರಿಯೂ ಯಾರೂ ಕೇಳಲಿಲ್ಲ. ತುಂಗಭದ್ರೆಯ ನೀರಂತೂ ಮೂರು ರಾಜ್ಯಗಳ ಹಂಚಿಕೆಯದು. ಅದಕ್ಕೊಂದು ಮಂಡಳಿಯೇ ಇದೆ. 2024ರ ಆಗಸ್ಟ 10ರ ರಾತ್ರಿ ಅಣೆಕಟ್ಟಿನ 19ನೆಯ ಬಾಗಿಲು ಕೊಚ್ಚಿಹೋದಾಗ ಜವಾಬ್ದಾರಿ ಯಾರದೆಂಬ ವಾದವು ಒಡನೆಯೇ ಎದ್ದಿತು. ಕೈಗಳು ಹೆಚ್ಚಾದಲ್ಲಿ ಹೊಣೆಯು ಜಾರುತ್ತದೆ. ದೊಡ್ಡ ಒಕ್ಕೂಟಗಳ ನಿಜವಾದ ದೋಷವು ಇದೇ. ಜನರಂಜಕ ಪಕ್ಷಗಳು ಬೇರೂರುವದು ಈ ಬಿರುಕಿನಲ್ಲಿಯೇ. ಬಿರುಕನ್ನು ಮುಚ್ಚುವ ಉಪಾಯವೆಂದರೆ ನಿರ್ಣಯಿಸಿದವನ ಹೆಸರು ಕಾಣುವಂತಿರುವದು, ಅವನನ್ನು ಕೇಳಲು ಸ್ಥಳವಿರುವದು.

ತೆಲಂಗಾಣದ ಸಮಿತಿಯ ಮುಂದಿನ ಕಥೆಯೂ ನಮಗೆ ಪಾಠವಾಗತಕ್ಕದ್ದು. ರಾಜ್ಯವನ್ನು ಪಡೆದು ಆಳಿದ ಆ ಪಕ್ಷವು 2022ರಲ್ಲಿ ತನ್ನ ಹೆಸರಿನಿಂದ ತೆಲಂಗಾಣವೆಂಬದನ್ನು ತೆಗೆದು ಭಾರತ ರಾಷ್ಟ್ರ ಸಮಿತಿಯೆಂದು ಕರೆದುಕೊಂಡಿತು. 2023ರ ಕಡೆಯಲ್ಲಿ ಅಧಿಕಾರವು ಹೋಯಿತು. 2024ರ ಲೋಕಸಭೆಯಲ್ಲಿ ಒಂದು ಸ್ಥಾನವೂ ಬರಲಿಲ್ಲ. ಸೋಲಿಗೆ ಕಾರಣಗಳು ಹಲವಿರಬಹುದು. ಆದರೂ ಬೇಡಿಕೆಯು ಈಡೇರಿದ ಮೇಲೆ ಪ್ರಾದೇಶಿಕ ಪಕ್ಷವು ತನ್ನ ಹೊಸ ಕೆಲಸವೇನೆಂದು ಜನರಿಗೆ ಹೇಳಬೇಕಾಗುತ್ತದೆ. ಹೇಳಲಾರದಿದ್ದರೆ ಹಳೆಯ ಹೆಸರೂ ಹೊಸ ಹೆಸರೂ ಅದನ್ನು ಕಾಯಲಾರವು.

ಪ್ರಿಯ ವಿದ್ಯಾರ್ಥಿನಿಯರೇ, ನಾವು ಯಾವ ಪಕ್ಷದ ಪರವಾಗಿಯೂ ಇದನ್ನು ಬರೆದಿಲ್ಲ. ಮುಂದೆ ನಿಮ್ಮ ಬಾಗಿಲಿಗೆ ಸೀಮೆಯ ಹೆಸರನ್ನು ಹೇಳಿಕೊಂಡು ಬರುವವರನ್ನು ನೀವು ಮೂರು ಮಾತು ಕೇಳಬೇಕು. ಒಂದನೆಯದು: ನೀವು ಹೇಳುವ ಕಷ್ಟವನ್ನು ಪರಿಹರಿಸುವ ಅಧಿಕಾರವು ಎಲ್ಲಿದೆ? ಪಂಚಾಯತಿಯಲ್ಲೋ, ಬೆಂಗಳೂರಿನಲ್ಲೋ, ದಿಲ್ಲಿಯಲ್ಲೋ? ಎರಡನೆಯದು: ಆ ಬಾಗಿಲನ್ನು ತೆರೆಯಿಸಲು ನಿಮ್ಮಲ್ಲಿರುವ ಉಪಾಯವೇನು? ಮೂರನೆಯದು: 'ನಮ್ಮ ಜನ' ಎಂದಾಗ ನೀವು ಯಾರನ್ನು ಎಣಿಸುತ್ತೀರಿ, ಕ್ಯಾಂಪಿನ ಹುಡುಗಿಯು ಆ ಎಣಿಕೆಯಲ್ಲಿರುವಳೋ? ಈ ಮೂರಕ್ಕೂ ನೆಟ್ಟಗೆ ಉತ್ತರ ಕೊಡುವವನು ಸೀಮೆಯ ಸೇವಕನು. ಸಿಟ್ಟನ್ನು ಮಾತ್ರ ಹೊತ್ತು ತರುವವನನ್ನು ನೀರು ಕೊಟ್ಟು ಮರ್ಯಾದೆಯಿಂದ ಕಳುಹಿಸಿಬಿಡಿರಿ.

ಮಸ್ಕಿಯ ಶಿಲೆಯನ್ನು ಒಂದು ಕಾಲದಲ್ಲಿ ಇತರರು ಓದಿ ಹೇಳಬೇಕಾಗಿತ್ತು. ಇಂದು ನಿಮಗೆ ಅಕ್ಷರವುಂಟು. ಕಾಯಿದೆಯು ನಿಮ್ಮ ಭಾಷೆಯಲ್ಲಿಯೇ ಅಚ್ಚಾಗಿ ಬರುತ್ತದೆ. ಹಿರಿಯ ಮನೆಯ ಮಾತನ್ನು ನೀವೇ ಓದಿಕೊಳ್ಳಿರಿ. ಓದಲಾರದ ಅಜ್ಜಿಯಂದಿರಿಗೂ ಓದಿ ಹೇಳಿರಿ.